ಎರಡು ಡಿಗ್ರಿ ಮುಂದಕ್ಕೆ

ಫೆಬ್ರವರಿ 3

ಪ್ರೀತಿಯ ಮೆಣಸು,

ನಿನ್ನ ಕಾಗದ ಬಂದಾಗ ನಾನು ಅಂಗಡಿಯಲ್ಲಿ ರಿಪೇರಿಗೆ ಬಂದ ಒಂದು ಹೊಲಿಗೆ ಮೆಷಿನ್ನಿನ ಹೊಟ್ಟೆ ಬಿಚ್ಚಿ ಕೂತಿದ್ದೆ. ಮೊದಲ ನಾಲ್ಕು ಸಾಲು ಓದಿದವಳೇ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಈ ವರ್ಷ ಗುಡ್ಡದ ಓಟದಲ್ಲಿ ಎಲ್ಲ ಕಾರುಗಳೂ ನೂರಕ್ಕೆ ಎಂಬತ್ತೈದು ಪಾಲು ಎಥನಾಲ್ ಬೆರೆತ ಇಂಧನದಲ್ಲೇ ಓಡಬೇಕಂತೆ! ನೀನು ಅದನ್ನು ಸಾವಿನ ಸುದ್ದಿಯ ಹಾಗೆ ಬರೆದಿದ್ದೀಯ. ಏ ಹುಚ್ಚಿ, ಇದು ನಮಗೆ ಹೊಡೆದ ಲಾಟರಿ ಕಣೇ!

ಹದಿನಾರು ವರ್ಷದ ಹಿಂದೆ ನಾನೂ ನಿಮ್ಮಪ್ಪನೂ ಸೇರಿ ಕೆಂಪಿಯನ್ನು ಕಟ್ಟುವಾಗಲೇ ನಾನು ಇದನ್ನು ಕೇಳಿದ್ದೆ. "ನನ್ನ ಕಾರಿಗೆ ಕುಡಿತ ಕಲಿಸಬೇಡ ಅಕ್ಕಾ" ಅಂದುಬಿಟ್ಟ ನನ್ನ ತಮ್ಮ. ಈಗ ಕಾರು ನಿನ್ನದು, ನಿಯಮ ಅವರದು. ಅವನು ಬಾಯಿ ಮುಚ್ಚಿಕೊಂಡು ನೋಡಲಿ.

ಕೇಳು. ಎಥನಾಲಿಗೆ ಪೆಟ್ರೋಲಿನಷ್ಟು ಕಸುವಿಲ್ಲ. ಹಾಗಾಗಿ ಕೆಂಪಿಗೆ ಹಸಿವು ಹೆಚ್ಚುತ್ತದೆ. ಮೊದಲು ಹತ್ತು ಚಮಚ ಕುಡಿಯುತ್ತಿದ್ದವಳಿಗೆ ಈಗ ಹದಿಮೂರು ಬೇಕು. ಇಂಧನ ಚಿಮ್ಮಿಸುವ ಈಗಿನ ಇಂಜೆಕ್ಟರುಗಳ ಬಾಯಿ ಸಾಲದು, ದೊಡ್ಡವನ್ನು ಹಾಕಿಸು. ಹಳೇ ರಬ್ಬರ್ ಪೈಪುಗಳನ್ನು ಅದು ಊದಿಸಿ ಕೆಡಿಸುತ್ತದೆ, ಎಲ್ಲ ಕಿತ್ತು ಹೊಸದು ಹಾಕು. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಕೊಳೆಯನ್ನೂ ಎಬ್ಬಿಸಿಕೊಂಡು ಬರುತ್ತದೆ, ವಾರಕ್ಕೊಮ್ಮೆ ಫಿಲ್ಟರ್ ನೋಡುತ್ತಿರು. ಇಷ್ಟು ಕಾಟಕ್ಕೆ ಬದಲು ಅದು ಕೊಡುವುದೇನು ಗೊತ್ತೇ? ತಂಪು! ಒಳಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಪೆಟ್ರೋಲಿನ ಹಾಗೆ ಬಿಸಿ ತಾಳದೆ ಮೂಲೆಯಲ್ಲೆಲ್ಲೋ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿನ ತಲೆಗೆ ಬಡಿಯುವ ಬುದ್ಧಿ ಅದಕ್ಕೆ ಕಮ್ಮಿ.

ಅದಕ್ಕೇ ಕಿಡಿಯ ಹೊತ್ತನ್ನು ಧೈರ್ಯವಾಗಿ ಬದಲಿಸಬಹುದು. ಹೊಲಿಗೆ ಮೆಷಿನ್ನಿನಲ್ಲಿ ಸೂಜಿ ಕೆಳಗಿಳಿದು ಮೇಲೇಳುವ ಆ ಒಂದು ಕ್ಷಣಕ್ಕೆ ಸರಿಯಾಗಿ ಕೊಕ್ಕೆ ಬಂದು ದಾರ ಹಿಡಿಯಬೇಕಲ್ಲ, ಎಂಜಿನ್ನಿನಲ್ಲಿ ಕಿಡಿಯೂ ಹಾಗೇ. ನಾನು ಎಂಜಿನ್ ಕಲಿತದ್ದೇ ಆ ಕೊಕ್ಕೆಯಿಂದ, ಯಾವ ಕಾಲೇಜಿನಿಂದಲೂ ಅಲ್ಲ. ಈಗ ಕಿಡಿ ಎಲ್ಲಿದೆಯೋ ಅಲ್ಲಿಂದ ಮೂರು ಡಿಗ್ರಿ ಮುಂದಕ್ಕೆ ಹಾಕು. ಆಮೇಲೆ ನೋಡು ಅವಳ ಕುಣಿತ!

ಫೋನ್ ಮಾಡುತ್ತೇನೆ ಅಂದಿದ್ದೀಯ, ಬೇಡ. ಫೋನಿನಲ್ಲಿ ನಿನ್ನ ದನಿ ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದ ಹಾಗಿರುತ್ತದೆ. ಮೆಸೇಜು ಒತ್ತಲು ಹೋದರೆ ನನ್ನ ಹೆಬ್ಬೆರಳಿಗೆ ಒಂದೇ ಸಲ ಮೂರು ಅಕ್ಷರ. ಕಾಗದವೇ ವಾಸಿ. ಕಾಗದದ ಮುಂದೆ ಎಲ್ಲರೂ ಕಿವುಡರೇ.

ನಿಮ್ಮಪ್ಪ ಹೇಗಿದ್ದಾನೆ? ಕೇಳಿದೆ ಅಂತ ಹೇಳಬೇಡ.

ನಿನ್ನ
ಅತ್ತೆ

*

ಫೆಬ್ರವರಿ 19

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದ ಓದಿ ಕುಣಿದುಬಿಟ್ಟೆ. ದಿನವಿಡೀ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು "ನಿಧಾನ, ನಿಧಾನ" ಅಂತ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಳ್ಳುವ ನನಗೆ, ವರ್ಷಕ್ಕೆ ಒಂದೇ ಒಂದು ದಿನ ನಿಧಾನ ಬಿಡಲು ಅವಕಾಶ. ಅದನ್ನೂ ಕಿತ್ತುಕೊಂಡರು ಅಂದುಕೊಂಡಿದ್ದೆ.

ನೀವು ಹೇಳಿದ್ದೆಲ್ಲ ಮಾಡಿದೆ. ಇಂಜೆಕ್ಟರ್, ಪೈಪು, ಫಿಲ್ಟರ್, ಎಲ್ಲ. ಕೊಳೆ ಬಂತು ನೋಡಿ, ಕಾಫಿಯ ಗಸಿಯಂತೆ! ಕಿಡಿಯನ್ನೂ ಮೂರು ಡಿಗ್ರಿ ಮುಂದಕ್ಕೆ ಹಾಕಿದೆ. ಬೆಳಗಿನ ಚಳಿಯಲ್ಲಿ ಕೆಂಪಿ ಏಳಲು ಹಟ ಮಾಡುತ್ತಾಳೆ. ಅಪ್ಪ ಬಾಗಿಲಲ್ಲಿ ನಿಂತು, "ಎಬ್ಬಿಸಕ್ಕೇ ಹತ್ತು ನಿಮಿಷ. ಕುಡುಕರ ಲಕ್ಷಣ ಇದೇ ಅಲ್ವೇನೇ?" ಅಂದರು. ನಾನು, "ಎದ್ದ ಮೇಲೆ ನೋಡಿ ಅಪ್ಪ" ಅಂದೆ.

ಎದ್ದ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ ಅತ್ತೆ. ಶಕ್ತಿ ಅಳೆಯುವ ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿದೆ. ಪೆಟ್ರೋಲಿನಲ್ಲಿ ಇನ್ನೂರ ಹನ್ನೆರಡು ಕುದುರೆ ಇದ್ದವಳು ಈಗ ಇನ್ನೂರ ನಾಲ್ಕು. ಪೆಡಲ್ ತುಳಿದರೆ "ಬಂದೇ ಇರಿ" ಅನ್ನುವ ಹಾಗೆ ಸೋಮಾರಿತನ. ಹೊಗೆಪೈಪು ಮಾತ್ರ ಕುಲುಮೆಯಲ್ಲಿಟ್ಟ ಕಬ್ಬಿಣದ ಹಾಗೆ ಕೆಂಪಗಾಗುತ್ತದೆ. ಎಲ್ಲಿ ತಪ್ಪಿದೆ?

ಓಟ ಏಪ್ರಿಲ್ ಇಪ್ಪತ್ತಕ್ಕೆ. ನೀಲಿ ಕಾರಿನ ಹಲ್ಲಿನ ಡಾಕ್ಟರು ಈ ವರ್ಷವೂ ಬರುತ್ತಾರೆ. ಹೋದ ವರ್ಷ ನನ್ನನ್ನು ಹಿಂದೆ ಹಾಕಿ, "ನೋವಾಯ್ತಾ?" ಅಂತ ಕೇಳಿದ್ದರು. ಅದನ್ನು ನಾನು ಮರೆತಿಲ್ಲ.

ಅಪ್ಪ, "ಅಕ್ಕನ ಕಿವಿ ಹೇಗಿದೆಯಂತೆ? ಕೇಳಿದೆ ಅಂತ ಬರೀಬೇಡ" ಅಂದರು. ಬರೆದಿದ್ದೇನೆ.

ನಿಮ್ಮ
ಮೆಣಸು

*

ಫೆಬ್ರವರಿ 26

ಮೆಣಸು,

ಕಿವಿ ಕಿವಿಯ ಜಾಗದಲ್ಲೇ ಇದೆ ಅಂತ ಹೇಳು. ಅದಕ್ಕಿಂತ ದೊಡ್ಡ ವಿಷಯ ನಮ್ಮ ಮುಂದಿದೆ.

ಇನ್ನೂರ ನಾಲ್ಕೇ? ನಾನು ನಂಬುವುದಿಲ್ಲ. ಮೊದಲು ಆ ಇಂಧನವನ್ನೇ ಪರೀಕ್ಷೆ ಮಾಡು. ನೂರರವರೆಗೆ ಗೆರೆಯಿರುವ ಗಾಜಿನ ಕೊಳವೆ ತೆಗೆದುಕೋ. ಹತ್ತರ ಗೆರೆಯವರೆಗೆ ನೀರು, ಮೇಲೆ ನೂರರವರೆಗೆ ಇಂಧನ. ಮುಚ್ಚಿ ಕುಲುಕಿ ನಿಲ್ಲಿಸು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಕೂರುತ್ತದೆ, ನಡುವೆ ಗೆರೆ ಬೀಳುತ್ತದೆ. ಗೆರೆ ಎಂಬತ್ತೈದಕ್ಕೆ ಬಂತು ಅಂತ ಕುಣಿಯಬೇಡ, ಅದರಲ್ಲಿ ಹತ್ತು ನೀನೇ ಸುರಿದ ನೀರು. ಕಳೆದು ಲೆಕ್ಕ ಹಾಕು.

ಇಂಧನ ಸರಿಯಿದ್ದರೆ, ಪೈಪು ಕೆಂಪಗಾಗುವುದು ಹಸಿವಿನ ಲಕ್ಷಣ. ಹದಿಮೂರು ಚಮಚದ ಕಡೆ ಹದಿಮೂರುವರೆ ಕೊಡು. ಕಿಡಿಯನ್ನೂ ಇನ್ನೆರಡು ಡಿಗ್ರಿ ಮುಂದಕ್ಕೆ ಹಾಕು. ಹೆದರಬೇಡ, ಅವಳು ಕೇಳುತ್ತಿರುವುದೇ ಅದು.

ಹೆದರಿಕೆಯಾದರೆ ಅದಕ್ಕೂ ಮದ್ದಿದೆ. ಈ ಕಾಗದದ ಜೊತೆ ಪಾರ್ಸೆಲಿನಲ್ಲಿ ನನ್ನ ಮರದ ಸೌಟು ಬರುತ್ತದೆ. ನಗಬೇಡ. ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಟ್ಟಲನ್ನು ಎಂಜಿನ್ನಿನ ಮೈಗೆ ಒತ್ತು. ಎರಡೂ ಕಿವಿಗೆ ಹತ್ತಿ ತುರುಕಿಕೋ. ಎಂಜಿನ್ನಿನ ಒಳಮನೆಯ ಮಾತೆಲ್ಲ ನಿನ್ನ ದವಡೆಯ ಮೂಳೆಯಲ್ಲಿ ಕೇಳುತ್ತದೆ. ಕಿಡಿ ಅತಿಯಾದರೆ, ತಗಡಿನ ಡಬ್ಬಿಯಲ್ಲಿ ಅಂಗಿಯ ಗುಂಡಿಗಳನ್ನು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಪೆಡಲ್ ತುಳಿಯಲು ಯಾರನ್ನಾದರೂ ಕೂರಿಸಿಕೋ, ಗುಂಡಿ ಕೇಳಿಸಿದ ತಕ್ಷಣ ಕಾಲು ತೆಗೆಸು. ಕೇಳಿಸದಿದ್ದರೆ ಧೈರ್ಯವಾಗಿರು.

ಕಿವಿ ಮಂದವಾದ ಮೇಲೆ ಒಂಬತ್ತು ವರ್ಷದಿಂದ ನಾನು ಎಂಜಿನ್ನನ್ನೂ ಹೊಲಿಗೆ ಮೆಷಿನ್ನನ್ನೂ ಕೇಳಿಸಿಕೊಂಡಿರುವುದು ಹೀಗೇ, ಹಲ್ಲು ಕಚ್ಚಿಕೊಂಡು. ಸೌಟಿನ ಹಿಡಿಯ ಮೇಲೆ ಇರುವ ಗುರುತುಗಳೆಲ್ಲ ನನ್ನವು. ಅದನ್ನು ಕಳೆಯಬೇಡ.

ಅತ್ತೆ

*

ಮಾರ್ಚ್ 14

ಅತ್ತೆ,

ಇಂಧನ ಸರಿಯಿದೆ, ನೀರು ಕಳೆದು ಎಂಬತ್ಮೂರು ಬಂತು. ಹದಿಮೂರುವರೆ ಚಮಚ ಕೊಟ್ಟೆ. ಇನ್ನೆರಡು ಡಿಗ್ರಿ ಮುಂದಕ್ಕೆ ಹಾಕಿದೆ. ನೂರ ತೊಂಬತ್ತೊಂದು.

ಹೌದು, ನೂರ ತೊಂಬತ್ತೊಂದು. ನನ್ನ ಡ್ರೈವಿಂಗ್ ಸ್ಕೂಲಿನ ಕಾರು ಕೆಂಪಿಯನ್ನು ನೋಡಿ ನಗುತ್ತಿದೆ. ಹೊಗೆಪೈಪಿನ ಬಾಯಲ್ಲಿದ್ದ ಗ್ಯಾಸ್ಕೆಟ್ ಸುಟ್ಟು ಪುಡಿಯಾಯಿತು. ಒಬ್ಬ ವಿದ್ಯಾರ್ಥಿಯನ್ನು ಪೆಡಲ್ ಮೇಲೆ ಕೂರಿಸಿ, ಸೌಟು ಕಚ್ಚಿ ಅರ್ಧ ಗಂಟೆ ಕೇಳಿದೆ. ಒಂದು ಗುಂಡಿಯೂ ಇಲ್ಲ, ಹೆಡ್ ಮಾಸ್ಟರ್ ಮುಂದೆ ಕೂತ ಹುಡುಗರ ಹಾಗೆ ಗಪ್‌ಚುಪ್. ನನ್ನ ದವಡೆ ಮಾತ್ರ ನೋಯುತ್ತಿದೆ.

ಅಪ್ಪ, "ಸಾಕು ಬಿಡು, ಈ ವರ್ಷ ಮನೇಲಿರು" ಅಂದರು. ಐದು ವಾರ ಉಳಿದಿದೆ ಅತ್ತೆ. ಸಾಲಾಗಿ ಎರಡು ವರ್ಷ ಗೆರೆ ಮುಟ್ಟಿದವರಿಗೆ ಮಾತ್ರ ಓಟದ ಪಟ್ಟಿಯಲ್ಲಿ ಜಾಗ ಖಾಯಂ, ಹೋದ ವರ್ಷ ಮುಟ್ಟಿದ್ದೇನೆ, ಈ ವರ್ಷವೂ ಮುಟ್ಟಬೇಕು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಅಷ್ಟು ವರ್ಷ ಕಾಯುವ ತಾಳ್ಮೆ ನನಗಿಲ್ಲ, ಕೆಂಪಿಗೂ ಇಲ್ಲ.

ಇಲ್ಲಿ ಎಲ್ಲವೂ ನಿಧಾನವೇ. ನನ್ನ ಹನ್ನೆರಡು ವಿದ್ಯಾರ್ಥಿಗಳ ಡ್ರೈವಿಂಗ್ ಟೆಸ್ಟನ್ನು ಹತ್ತನೇ ತಾರೀಕಿನಿಂದ ಇಪ್ಪತ್ತೆಂಟಕ್ಕೆ ಮುಂದಕ್ಕೆ ಹಾಕಿದ್ದಾರೆ. ಅದನ್ನು ಹೇಳಿದರೆ ಅಪ್ಪ, "ನಿಮ್ಮತ್ತೆಯನ್ನ ನೋಡಿ ಕಲಿತಿರಬೇಕು. ಮೂರು ಸಲ ಕಿವಿ ಆಪರೇಷನ್ ಮುಂದಕ್ಕೆ ಹಾಕಿದಳು. ನಾನೇ ದಿನ ಗೊತ್ತು ಮಾಡಿದ್ದು, ನಾನೇ ರಜ ಹಾಕಿದ್ದು" ಅಂದು ಎದ್ದು ಹೋದರು. ಆಪರೇಷನ್ ವಿಷಯ ನನಗೆ ಗೊತ್ತೇ ಇರಲಿಲ್ಲ. ನೀವಿಬ್ಬರೂ ಮಾತು ಬಿಟ್ಟಿರುವುದು ಇದಕ್ಕೇನಾ?

ಮೆಣಸು

*

ಮಾರ್ಚ್ 20

ಮೆಣಸೇ! ಮೆಣಸೇ!

ನಿಲ್ಲಿಸು. ಕೆಂಪಿಯನ್ನು ಮುಟ್ಟಬೇಡ. ಈ ಕಾಗದ ಪೂರ್ತಿ ಓದು.

ನಿನ್ನ ಕಾಗದದ ಕೊನೆಯನ್ನು ಎರಡು ಸಲ ಓದಿದೆ. ಟೆಸ್ಟ್ ಹತ್ತರಿಂದ ಇಪ್ಪತ್ತೆಂಟಕ್ಕೆ ಮುಂದಕ್ಕೆ ಹಾಕಿದರು. ಅಂದರೆ ತಡ ಮಾಡಿದರು! ಹಾಗಾದರೆ ನಾನು ಕಿಡಿಯನ್ನು ಮುಂದಕ್ಕೆ ಹಾಕು ಅಂದಾಗ ನೀನು ಏನು ಮಾಡಿದೆ? ತಡ ಮಾಡಿದೆ ತಾನೇ? ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಹದಿನೆಂಟು ಡಿಗ್ರಿ ಮೊದಲು ಕಿಡಿ ಅಂತ ಕೆಂಪಿಯ ಕಂಪ್ಯೂಟರಿನಲ್ಲಿ ಇತ್ತು, ಹದಿನೈದು ಮಾಡಿದೆ, ಆಮೇಲೆ ಹದಿಮೂರು ಮಾಡಿದೆ. ಹೌದೋ ಅಲ್ಲವೋ?

ಅಯ್ಯೋ ನನ್ನ ಕರ್ಮವೇ! ನಾನು ಹೇಳಿದ್ದು ಇಪ್ಪತ್ತೊಂದು, ಆಮೇಲೆ ಇಪ್ಪತ್ಮೂರು! ಪಿಸ್ಟನ್ ಮೇಲೆ ಮುಟ್ಟುವ ಮೊದಲೇ, ಇನ್ನಷ್ಟು ಮೊದಲೇ ಕಿಡಿ ಹಾರಲಿ ಅಂತ. ನಾನೂ ನಿಮ್ಮಪ್ಪನೂ ಕಾರಿನ ಕೆಳಗೆ ಮಲಗಿ ಇಪ್ಪತ್ತು ವರ್ಷ ಆಡಿದ ಮಾತಿನಲ್ಲಿ ಮುಂದಕ್ಕೆ ಅಂದರೆ ಬೇಗ. ನಿನ್ನ ಮಾತಿನಲ್ಲಿ, ಊರಿಗೆಲ್ಲ ಇರುವ ಮಾತಿನಲ್ಲಿ, ಮುಂದಕ್ಕೆ ಅಂದರೆ ಆಮೇಲೆ. ಒಂದೇ ಪದ, ನಾನು ಪೂರ್ವಕ್ಕೆ ಎಳೆದರೆ ನೀನು ಪಶ್ಚಿಮಕ್ಕೆ ಎಳೆದೆ, ನಡುವೆ ಕೆಂಪಿಯ ಪೈಪು ಸುಟ್ಟಿತು. ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅಂಗಡಿಗೆ ಬಂದಿದ್ದ ದರ್ಜಿ ಹೆದರಿಕೊಂಡು ಮೆಷಿನ್ ಬಿಟ್ಟು ಹೋದ.

ಪೈಪು ಕೆಂಪಗಾಯಿತು ಅಂದಾಗಲೇ ನನಗೆ ಹೊಳೆಯಬೇಕಿತ್ತು. ಕಿಡಿ ತಡವಾದರೆ ಬೆಂಕಿ ಕೆಲಸ ಮುಗಿಸದೆ ಪೈಪಿಗೆ ಓಡುತ್ತದೆ, ಅಲ್ಲಿ ಸುಮ್ಮನೆ ಉರಿಯುತ್ತದೆ. ನಾನು ಹಸಿವು ಹಸಿವು ಅಂತ ಉಣಿಸುತ್ತ ಕೂತೆ. ತಪ್ಪು ನಿನ್ನದಲ್ಲ.

ಇವತ್ತಿನಿಂದ ನಮ್ಮ ಮನೆಯಲ್ಲಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಬೇಗ, ತಡ. ಎರಡೇ ಪದ. ಹದಿಮೂರು ಚಮಚಕ್ಕೆ ವಾಪಸ್ ಬಾ. ಹೊಸ ಗ್ಯಾಸ್ಕೆಟ್ ಹಾಕು. ಹದಿನೆಂಟರಿಂದ ಶುರುಮಾಡಿ ಒಂದೊಂದೇ ಡಿಗ್ರಿ ಬೇಗ ಮಾಡುತ್ತ ಹೋಗು, ಸೌಟು ಹಲ್ಲಿನಲ್ಲಿರಲಿ. ಗುಂಡಿ ಕೇಳಿಸಿದ ಕಡೆಯಿಂದ ಎರಡು ಡಿಗ್ರಿ ತಡ ಮಾಡಿ ಅಲ್ಲಿ ನಿಲ್ಲಿಸು.

ಇನ್ನು ಆಪರೇಷನ್ ವಿಷಯ. ಹೌದು, ಅದಕ್ಕೇ ಅವನು ಮುನಿಸಿಕೊಂಡಿರುವುದು. ಈಗ ಜೂನ್ ಹನ್ನೆರಡಕ್ಕೆ ಇದೆ. ಕಿವಿಯೊಳಗಿನ ಒಂದು ಪುಟಾಣಿ ಮೂಳೆ ಅಲುಗಾಡದೆ ಬಿಗಿದುಕೊಂಡಿದೆಯಂತೆ, ಹೊರಗಿನ ಸದ್ದನ್ನು ಒಳಗೆ ಬಿಡುವುದಿಲ್ಲವಂತೆ. ಒಳಕಿವಿ ಗಟ್ಟಿಯಾಗಿದೆ, ಅದಕ್ಕೇ ಹಲ್ಲಿನಿಂದ ಹೋದದ್ದು ಕೇಳುತ್ತದೆ. ಆದರೆ ನೂರರಲ್ಲಿ ಒಬ್ಬರಿಗೆ ಆಪರೇಷನ್ ಕೈಕೊಡುತ್ತದೆ, ಆಗ ಆ ಕಿವಿಗೆ ಸೌಟೂ ಕೇಳುವುದಿಲ್ಲ ಅಂದರು ಡಾಕ್ಟರು. ನನಗೆ ಉಳಿದಿರುವುದೇ ಆ ಸದ್ದು ಕಣೇ. ಅದರಲ್ಲಿ ಅರ್ಧವನ್ನು ಪಣಕ್ಕಿಡಲು ಕೈ ಬರಲಿಲ್ಲ. ಇದನ್ನು ಅವನಿಗೆ ಹೇಳಿಲ್ಲ. ನೀನೂ ಹೇಳಬೇಡ.

ಬೇಗ ಬರೆ. ಬೇಗ!

ಅತ್ತೆ

*

ಏಪ್ರಿಲ್ 1

ಅತ್ತೇ,

ತಾರೀಕು ನೋಡಿ ಸುಳ್ಳು ಅಂದುಕೊಳ್ಳಬೇಡಿ. ಇನ್ನೂರ ನಲವತ್ತೆಂಟು!

ಉರುಳೆಯವನು ಮೆಷಿನ್ ಕೆಟ್ಟಿದೆ ಅಂದುಕೊಂಡು ಎರಡನೇ ಸಲ ಓಡಿಸಿದ. ಮತ್ತೆ ಇನ್ನೂರ ನಲವತ್ತೆಂಟು! ಪೆಡಲ್ ಮೇಲೆ ಕಾಲಿಡುವ ಮೊದಲೇ ಕೆಂಪಿಗೆ ನನ್ನ ಮನಸ್ಸು ಗೊತ್ತಾಗುತ್ತದೆ. ಪೈಪು ಕೆಂಪಗಾಗುತ್ತಿಲ್ಲ. ನಾನು ಮಾತ್ರ ಖುಷಿಗೆ ಕೆಂಪಗಾಗಿದ್ದೇನೆ.

ಗುಂಡಿ ಕೇಳಿಸಿದ್ದು ಇಪ್ಪತ್ತಾರರಲ್ಲಿ. ಕೇಳಿಸಿದ್ದು ನನಗಲ್ಲ, ಅಪ್ಪನಿಗೆ. ಅವತ್ತು ವಿದ್ಯಾರ್ಥಿ ಬಂದಿರಲಿಲ್ಲ, ನಾನೇ ಒಳಗೆ ಕೂತು ಪೆಡಲ್ ತುಳಿಯಬೇಕಿತ್ತು, ಸೌಟು ಹಿಡಿಯಲು ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದವರನ್ನು ಕರೆದೆ. "ಕುಡುಕಿಯ ಎದೆ ಬಡಿತ ನಾನು ನೋಡಬೇಕಾ?" ಅನ್ನುತ್ತಲೇ ಬಂದರು. ಕಿವಿಗೆ ಹತ್ತಿ ತುರುಕಿ, ಸೌಟು ಕಚ್ಚಿ, ಕಣ್ಣು ಮುಚ್ಚಿದರು. ಇಪ್ಪತ್ಮೂರು, ಇಪ್ಪತ್ನಾಲ್ಕು, ಇಪ್ಪತ್ತೈದು. ಇಪ್ಪತ್ತಾರಕ್ಕೆ ಕೈಯೆತ್ತಿದರು. ಇಪ್ಪತ್ನಾಲ್ಕಕ್ಕೆ ತಂದು ನಿಲ್ಲಿಸಿದೆ.

ಎಂಜಿನ್ ಆರಿಸಿದ ಮೇಲೂ ಅವರು ಸೌಟು ತೆಗೆಯಲಿಲ್ಲ. ಆಮೇಲೆ ಹಿಡಿಯ ಮೇಲಿನ ನಿಮ್ಮ ಹಲ್ಲಿನ ಗುರುತುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ಒಂಬತ್ತು ವರ್ಷ ಇದರಲ್ಲೇ ಕೇಳಿಸಿಕೊಂಡಳಾ?" ಅಂದರು. ನೀವು ಹೇಳಬೇಡ ಅಂದದ್ದನ್ನು ಆಗ ಹೇಳಿಬಿಟ್ಟೆ. "ಅಷ್ಟು ಹೇಳಕ್ಕೇನಾಗಿತ್ತು ಅವಳಿಗೆ? ನಾನು ಸೋಮಾರಿತನ ಅಂದುಕೊಂಡಿದ್ದೆ" ಅಂದು ಕೈ ತೊಳೆಯಲು ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದರು.

ಅತ್ತೆ, ಒಂದು ಮಾತು. ಹೆದರಿ ಕಿಡಿ ತಡ ಮಾಡಿದರೆ ಬೆಂಕಿ ಪೈಪಿನಲ್ಲಿ ಸುಮ್ಮನೆ ಉರಿಯುತ್ತದೆ ಅಂದವರು ನೀವೇ. ನಿಮ್ಮ ಆಪರೇಷನ್ ಮುಂದಕ್ಕೆ ಹಾಕಿ. ನನ್ನ ಅರ್ಥದಲ್ಲಲ್ಲ, ನಿಮ್ಮ ಅರ್ಥದಲ್ಲಿ.

ಮೆಣಸು

*

ಏಪ್ರಿಲ್ 8

ತಲೆಹರಟೆ ಮೆಣಸಿಗೆ,

ಇನ್ನೂರ ನಲವತ್ತೆಂಟು ಅಂತ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಬಂದವರೆಲ್ಲ ಏನಿದು ಅಂತ ಕೇಳುತ್ತಾರೆ. "ನಮ್ಮ ಮನೆ ಕುದುರೆಗಳು" ಅನ್ನುತ್ತೇನೆ.

ನಿನ್ನ ಕೊನೆಯ ಸಾಲು ಓದಿ ಎರಡು ದಿನ ಬೈದುಕೊಂಡೆ. ಮೂರನೇ ದಿನ ಆಸ್ಪತ್ರೆಗೆ ಹೋದೆ. ಅಲ್ಲಿ ಕೌಂಟರಿನ ಹೆಂಗಸಿಗೆ, "ಜೂನ್ ಹನ್ನೆರಡರ ಆಪರೇಷನ್ ಮುಂದಕ್ಕೆ ಹಾಕಬೇಕಿತ್ತು" ಅಂದೆ. ಅವಳು ಹಣೆ ಚಚ್ಚಿಕೊಂಡು ಚೀಟಿಯಲ್ಲಿ ಬರೆದಳು: "ಮತ್ತೇನಾ ಅಮ್ಮಾ? ಆಗಸ್ಟಿಗೆ ಹಾಕ್ಲಾ?" "ಆ ಮುಂದಕ್ಕಲ್ಲಮ್ಮ, ಮೆಕ್ಯಾನಿಕ್ಕಿನ ಮುಂದಕ್ಕೆ" ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಕಿವಿಯ ಜೊತೆ ತಲೆಯನ್ನೂ ತೋರಿಸಬೇಕಾಗುತ್ತಿತ್ತು. ಕೊನೆಗೆ ಬೇಗ ಬೇಗ ಅಂತ ನಾಲ್ಕು ಸಲ ಹೇಳಿದ ಮೇಲೆ ತಿಳಿಯಿತು. ಖಾಲಿಯಿದ್ದದ್ದು ಒಂದೇ ದಿನ, ಏಪ್ರಿಲ್ ಹದಿನೆಂಟು.

ಓಟಕ್ಕೆ ಎರಡು ದಿನ ಮೊದಲು. ಬರಲಾಗುವುದಿಲ್ಲ ಕಣೇ. ಕೆಲವು ವಾರ ಪ್ರಯಾಣವಿಲ್ಲ, ದೊಡ್ಡ ಸದ್ದೂ ಕೂಡದು. ಹೊಟ್ಟೆ ಉರಿಯುತ್ತಿದೆ. ಆದರೂ ಒಪ್ಪಿಕೊಂಡೆ, ಯಾಕೆ ಗೊತ್ತೇ? ನನ್ನ ಕಿವಿಗೆ ಹಾಕುವ ಸಾಮಾನನ್ನು ಡಾಕ್ಟರು ತೋರಿಸಿದರು. ಅಕ್ಕಿಕಾಳಿಗಿಂತ ಸ್ವಲ್ಪ ಚಿಕ್ಕದು. ಒಂದು ತುದಿಯಲ್ಲಿ ಕಡ್ಡಿ, ಇನ್ನೊಂದು ತುದಿಯಲ್ಲಿ ಕೊಕ್ಕೆ. ಅದರ ಹೆಸರು ಏನಂತೆ ಹೇಳು? ಪಿಸ್ಟನ್! ದೇವರಾಣೆ, ಪಿಸ್ಟನ್ ಅಂತ ಚೀಟಿಯಲ್ಲಿ ಬರೆದು ಕೊಟ್ಟರು, ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಕೊಕ್ಕೆಯಿರುವ ಪಿಸ್ಟನ್ ಮೆಣಸು! ಹೊಲಿಗೆ ಮೆಷಿನ್ನೂ ಕೆಂಪಿಯೂ ಸೇರಿ ನನ್ನ ಕಿವಿಯೊಳಗೆ ಸಂಸಾರ ಹೂಡಲಿವೆ. ಇನ್ನು ಹೆದರಿದರೆ ನನಗೇ ಅವಮಾನ.

ನಿಮ್ಮಪ್ಪನಿಗೆ ಹೇಳಬೇಡ. ಓಟದ ದಿನ ಅವನು ನಿನ್ನ ಪಕ್ಕದಲ್ಲಿರಬೇಕು.

ಅತ್ತೆ

*

ಏಪ್ರಿಲ್ 21

ಅತ್ತೆ,

ನೀವು ಹೇಳಬೇಡ ಅಂದದ್ದನ್ನು ಎಂದಿನಂತೆ ಹೇಳಿದೆ. ಕಾಗದ ಓದಿ ಮುಗಿಸುವಷ್ಟರಲ್ಲಿ ಅಪ್ಪ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. "ಓಟ?" ಅಂದೆ. "ಕೆಂಪಿಗೆ ನೀನಿದ್ದೀಯ" ಅಂದರು. ಈ ಹೊತ್ತಿಗೆ ನಿಮ್ಮ ಹಾಸಿಗೆಯ ಪಕ್ಕ ಕೂತಿರುತ್ತಾರೆ. ಫಲಿತಾಂಶ ಅವರಿಗೆ ಫೋನಿನಲ್ಲಿ ಹೇಳಿದ್ದೇನೆ, ಆದರೆ ನಿಮಗೆ ಹೇಳಕೂಡದು ಅಂತ ಆಣೆ ಹಾಕಿಸಿದ್ದೇನೆ. ನಿಮಗೆ ಸುದ್ದಿ ಕೊಡುವ ಹಕ್ಕು ನನ್ನದು.

ಒಂಬತ್ತು ತಿರುವು. ಮೊದಲ ಮೂರನ್ನು ಅಳೆದೂ ಸುರಿದೂ ದಾಟಿದೆ. ನಾಲ್ಕನೇ ತಿರುವಿನಿಂದ ಹೊರಗೆ ಬಂದು ಪೂರ್ತಿ ತುಳಿದೆ. ಬೆನ್ನಿಗೆ ಯಾರೋ ಎರಡೂ ಅಂಗೈ ಇಟ್ಟು ತಳ್ಳಿದ ಹಾಗೆ! ಆರನೆಯದರಲ್ಲಿ ಹಿಂದಿನ ಚಕ್ರ ಜಾರಿತು, "ನಿಧಾನ, ನಿಧಾನ" ಅಂತ ನನಗೆ ನಾನೇ ಕಿರುಚಿಕೊಂಡೆ, ಅಭ್ಯಾಸಬಲ. ಎಂಟು, ಒಂಬತ್ತು, ಗೆರೆ. ಹೋದ ವರ್ಷ ಎರಡು ನಿಮಿಷ ಹನ್ನೊಂದು ಸೆಕೆಂಡು. ಈ ವರ್ಷ ಎರಡು ನಿಮಿಷ ಒಂದೂವರೆ!

ಎರಡನೇ ಸ್ಥಾನ ಅತ್ತೆ. ನಮ್ಮ ಹಿಂದೆ, ಅರ್ಧ ಸೆಕೆಂಡಿನ ಅಂತರದಲ್ಲಿ, ನೀಲಿ ಕಾರು. ಹಲ್ಲಿನ ಡಾಕ್ಟರು ಹೆಲ್ಮೆಟ್ ತೆಗೆಯುವವರೆಗೂ ಕಾದೆ. "ನೋವಾಯ್ತಾ?" ಅಂದೆ. ಪಾಪ, ನಕ್ಕುಬಿಟ್ಟರು. ಆಮೇಲೆ ನನ್ನ ಸೀಟಿನ ಪಕ್ಕ ಇದ್ದ ಸೌಟು ನೋಡಿ, "ಇದೇನ್ರೀ, ಅಡುಗೆ ಬೇರೆ ಮಾಡ್ತೀರಾ?" ಅಂದರು. ಅದರ ಮೇಲಿನ ಗುರುತು ತೋರಿಸಿದೆ. ಬಹಳ ಹೊತ್ತು ನೋಡಿ, "ಹಲ್ಲು ಗಟ್ಟಿಯಾಗಿವೆ" ಅಂದರು. ವೃತ್ತಿಧರ್ಮ.

ಕಿವಿ ಹೇಗಿದೆ? ಅಪ್ಪ ಫೋನಿನಲ್ಲಿ ಏನೂ ಹೇಳುತ್ತಿಲ್ಲ. ಅವಳೇ ಬರೀತಾಳೆ ಅನ್ನುತ್ತಾರೆ. ನನಗೆ ಪ್ರಾಣ ಹೋಗುತ್ತಿದೆ.

ಮೆಣಸು

*

ಮೇ 2

ನನ್ನ ಮುದ್ದು ಮೆಣಸಿಗೆ,

ಈ ಕಾಗದ ಬರೆಯುವಾಗ ಪೆನ್ನು ಪರಪರ ಅನ್ನುತ್ತಿದೆ. ಇಷ್ಟು ವರ್ಷ ನಿನಗೆ ಬರೆದದ್ದೆಲ್ಲ ನನ್ನ ಪಾಲಿಗೆ ಸದ್ದಿಲ್ಲದ ಕಾಗದ. ಇದೇ ಮೊದಲನೆಯದು ಸದ್ದು ಮಾಡುತ್ತಿರುವುದು.

ಕಿವಿಯಿಂದ ಹತ್ತಿ ತೆಗೆದ ದಿನ ಡಾಕ್ಟರು ಏನೋ ಕೇಳಿದರು. ನಾನು ಉತ್ತರ ಕೊಡಲಿಲ್ಲ. ನಿಮ್ಮಪ್ಪನ ಮುಖ ಬಿಳುಚಿಕೊಂಡಿತು. ನನಗೆ ಅವರ ಮಾತು ಕೇಳಿಸಿತ್ತು, ಆದರೆ ಅದರ ಹಿಂದೆ ಇನ್ನೇನೋ ಸಣ್ಣಗೆ ಓಡುತ್ತಿತ್ತು, ಅದು ಏನು ಅಂತ ಹುಡುಕುತ್ತಿದ್ದೆ. ಮೇಲೆ ನೋಡಿದೆ. "ಆ ಫ್ಯಾನಿಗೆ ಎಣ್ಣೆ ಬಿಡಿ, ಬೇರಿಂಗ್ ಹೋಗ್ತಿದೆ" ಅಂದೆ. ನಿಮ್ಮಪ್ಪ ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಿನ್ನ ಓಟದ ಕಾಗದವನ್ನು ಅವನ ಕೈಯಲ್ಲೇ ಓದಿಸಿದೆ, ನಾಲ್ಕು ಸಲ, ಗಟ್ಟಿಯಾಗಿ. ನಾಲ್ಕನೇ ತಿರುವು ಬಂದಾಗಲೆಲ್ಲ ಅವನ ಕಾಲು ನೆಲವನ್ನು ತುಳಿಯುತ್ತಿತ್ತು. "ಹದಿನಾರು ವರ್ಷದ ಹಿಂದೇನೇ ನಿನ್ನ ಮಾತು ಕೇಳ್ಬೇಕಿತ್ತು ಅಕ್ಕ" ಅಂದ. "ಜೋರಾಗಿ ಹೇಳು, ಕೇಳಿಸ್ಲಿಲ್ಲ" ಅಂದೆ. ಚೆನ್ನಾಗೇ ಕೇಳಿಸಿತ್ತು. ಮತ್ತೊಮ್ಮೆ ಹೇಳಿದ.

ಈಗ ಒಂದೇ ತೊಂದರೆ. ಮಾತು ಬಿಟ್ಟಿದ್ದ ದಿನಗಳ ಬಾಕಿಯನ್ನೆಲ್ಲ ಅವನು ಬೆಳಗಿನಿಂದ ಸಂಜೆಯವರೆಗೆ ತೀರಿಸುತ್ತಿದ್ದಾನೆ. ನಲ್ಲಿಯ ಬಗ್ಗೆ, ನೆರೆಯವರ ಬಗ್ಗೆ, ಕೆಂಪಿಯ ಮುಂದಿನ ವರ್ಷದ ಟರ್ಬೊ ಬಗ್ಗೆ, ನಿಲ್ಲಿಸುವುದೇ ಇಲ್ಲ. ಇವನು ಇಷ್ಟು ಮಾತಾಡುತ್ತಾನೆ ಅಂತ ನೆನಪಿದ್ದಿದ್ದರೆ ಆಪರೇಷನ್ ಮುಂದಕ್ಕೆ ಹಾಕುತ್ತಿದ್ದೆ. ನಿನ್ನ ಅರ್ಥದಲ್ಲಿ.

ಡಾಕ್ಟರು ಹೂಂ ಅಂದ ಮೇಲೆ ತಿಳಿಸುತ್ತೇನೆ, ಕೆಂಪಿಯನ್ನು ಲಾರಿಯ ಮೇಲೆ ಹಾಕಿಕೊಂಡು ಬಾ. ರಸ್ತೆಯ ಆ ತುದಿಯಲ್ಲಿ ಇಳಿಸಿ ಅಲ್ಲಿಂದ ಓಡಿಸಿಕೊಂಡು ಬಾ. ನಾನು ಬಾಗಿಲು ಮುಚ್ಚಿ ಒಳಗೆ ಕೂತಿರುತ್ತೇನೆ. ಬಂದದ್ದು ಕೆಂಪಿಯೋ ಬೇರೆ ಯಾರೋ ಅಂತ ನೋಡದೆ ಹೇಳುತ್ತೇನೆ.

ಬರುವಾಗ ಸೌಟು ತಾ. ಅಡುಗೆಗೆ ಬೇಕು.

ನಿನ್ನ
ಅತ್ತೆ